ಅಪ್‌ಡೇಟ್: ಮನೆಯ ಸೋಯಾಬೀನ್ ಬಿತ್ತನೆಗೆ ಆಗುತ್ತಾ ಎಂದು ಕೇಳಿದ್ದೆ

ಹೋದ ವರ್ಷ ಭಾಲ್ಕಿ ಕಡೆಯ ನಮ್ಮ ಹೊಲದಲ್ಲಿ ಬೆಳೆದ ಜೆಎಸ್ 335 ತಳಿಯ ಸೋಯಾಬೀನ್ ಈ ಸಲ ಬೀಜಕ್ಕೆ ಆಗುತ್ತಾ ಎಂದು ಕೇಳಿದ್ದೆ. ಉತ್ತರ ಸಿಕ್ಕಿತು.

ಗೋಣಿ ಚೀಲದಲ್ಲಿ ಮೊಳಕೆ ನೋಡಿ ಎಂದ ಅಣ್ಣನಿಗೆ ದೊಡ್ಡ ನಮಸ್ಕಾರ. ಎರಡು ಹೊಲದ ಕಾಳು ಬೇರೆ ಬೇರೆ ಇಟ್ಟಿದ್ದೆ. ನೂರು ನೂರು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟೆ. ಹೋದ ವರ್ಷ ಜೂನ್ ಮೊದಲ ವಾರ ಬಿತ್ತಿದ್ದ ಹೊಲದ ಕಾಳಲ್ಲಿ 48 ಮೊಳೆತವು. ಜುಲೈ ಮೊದಲ ವಾರ ತಡವಾಗಿ ಬಿತ್ತಿದ್ದರಲ್ಲಿ 81! ಬೀಜಕ್ಕೆ ಕನಿಷ್ಠ 70 ಬೇಕು ಅಲ್ವಾ.

ಆಶ್ಚರ್ಯ ಅಂದ್ರೆ, ಇಳುವರಿ ಜಾಸ್ತಿ ಬಂದಿದ್ದು ಜೂನ್ ಹೊಲದಲ್ಲೇ. ಆದರೆ ಅದರ ಕಾಯಿ ಮಾಗಿದ್ದು ಸೆಪ್ಟೆಂಬರ್ ಮಳೆಯಲ್ಲಿ. ನೆನೆದು, ಒಣಗಿ, ಮತ್ತೆ ನೆನೆದು ಕಾಳಿನ ಜೀವವೇ ಹೋಗಿದೆ. ಸೋಯಾ ಸಿಪ್ಪೆ ತುಂಬಾ ತೆಳು. ತಡವಾದದ್ದು ಅಕ್ಟೋಬರ್ ಬಿಸಿಲಲ್ಲಿ ಮಾಗಿತು.

ನೀರಲ್ಲಿ ನೆನೆಸಿ ತೇಲುವುದನ್ನು ತೆಗೆಯುವ ಸಲಹೆ ಕೆಲಸ ಮಾಡಲಿಲ್ಲ. ಸಿಪ್ಪೆ ಸುಲಿದು, ಕಾಳು ಒಡೆದು ಹೋಯಿತು. ದಯವಿಟ್ಟು ಯಾರೂ ಮಾಡಬೇಡಿ.

ಜೂನ್ ಕಾಳು ಮಾರಿದೆ. ಜುಲೈದನ್ನು ನಿನ್ನೆ ಬಿತ್ತಿದೆವು. ಈ ಸಲ ಒಂದೆಕರೆ ಮಾತ್ರ ಬೀಜಕ್ಕೆಂದೇ ತಡವಾಗಿ ಬಿತ್ತುತ್ತೇನೆ.