ಕಡಲ ಬದಿಯ ಮನೆ, ಹೊಸ ಕಾರು: ಅಂಡರ್‌ಬಾಡಿ ಕೋಟಿಂಗ್ ಬೇಕೇ?

ಮರವಂತೆ 66:
ಮುಂದಿನ ವಾರ ಹೊಸ ಕಾರು ಬರುತ್ತಿದೆ. ಅಂಡರ್‌ಬಾಡಿ ಕೋಟಿಂಗ್, ಅಂದರೆ ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಲೇಪ, ಮಾಡಿಸಲೇಬೇಕು ಎಂದು ಷೋರೂಮಿನವರು ಪಟ್ಟು ಹಿಡಿದಿದ್ದಾರೆ. ಬೆಂಗಳೂರಿನ ಅಣ್ಣ ಅದು ದಂಡದ ಖರ್ಚು ಎನ್ನುತ್ತಾನೆ. ನಮ್ಮದು ಮರವಂತೆ, ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಆಷಾಢದಲ್ಲಿ ಅಲೆಯ ತುಂತುರು ರಸ್ತೆಗೇ ಬರುತ್ತದೆ. ಈ ಕಾರು ಕನಿಷ್ಠ 10 ವರ್ಷ ಬಾಳಬೇಕೆಂಬ ಆಸೆ. ಏನು ಮಾಡಲಿ?

ಮೈಸೂರು ಸವಾರ:
ಬೇಡ. ಕಾರ್ಖಾನೆಯಲ್ಲೇ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ತುಕ್ಕು ತಡೆಯುವ ಪ್ರೈಮರ್ ಹಿಡಿಸಿರುತ್ತಾರೆ. ಬೆಸುಗೆಯ ಸಂದುಗಳಿಗೆ ಸೀಲಂಟ್ ಕೂಡ ಇರುತ್ತದೆ. ನನ್ನ 2012ರ ಕಾರಿಗೆ ಏನೂ ಹಚ್ಚಿಸಿಲ್ಲ, ತಳ ಚೆನ್ನಾಗಿಯೇ ಇದೆ.

ಕುಂದಾಪುರ ಟಿಂಕರ್:
ಮೈಸೂರಿನ ಲೆಕ್ಕ ಕರಾವಳಿಗೆ ಹೊಂದುವುದಿಲ್ಲ. ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೇ ನನ್ನ ಕೆಲಸ. ಉಪ್ಪು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಬಿಟ್ಟ ದಿನವೂ ತಳ ಪೂರ್ತಿ ಆರುವುದಿಲ್ಲ. ಹಾಗಾಗಿ ಮಾಡಿಸಿ. ಆದರೆ ಏನನ್ನು ಹಚ್ಚುತ್ತಾರೆ ಎಂದು ಮೊದಲು ಕೇಳಿ.

ಡಾಂಬರಿನ ದಪ್ಪ ಕರಿ ಲೇಪ ನೋಡಲು ಭದ್ರ. ಜಲ್ಲಿ ಬಡಿದು ಒಂದೆಡೆ ಬಿರುಕು ಬಿಟ್ಟಿತೋ, ನೀರು ಅದರ ಹಿಂದೆ ಸೇರಿ ಅಲ್ಲೇ ಕೂರುತ್ತದೆ. ಮೊನ್ನೆ ಅಂಥದ್ದೊಂದು ಕಾರಿನ ತಳವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದೆ. ಮೇಲೆಲ್ಲ ನುಣುಪು, ತುದಿ ಸೀದಾ ಒಳಗೆ ಹೋಯಿತು. ಲೇಪವನ್ನು ಎಳೆದರೆ ಹಪ್ಪಳದಂತೆ ಎದ್ದು ಬಂತು, ಅದರ ಬೆನ್ನಿಗೆ ತಗಡೇ ಕಂದು ಚಕ್ಕೆಯಾಗಿ ಅಂಟಿಕೊಂಡಿತ್ತು. ಮಾಲೀಕರಿಗೆ ಅಲ್ಲಿಯವರೆಗೆ ಸುಳಿವೇ ಇರಲಿಲ್ಲ.

ಮೇಣದ ಲೇಪ ಕೇಳಿ ಹಚ್ಚಿಸಿ. ಅದು ಮೆತ್ತಗೇ ಉಳಿಯುವುದರಿಂದ ಸುಲಭವಾಗಿ ಬಿರಿಯುವುದಿಲ್ಲ. ಸವೆಯುತ್ತದೆ, ನಿಜ, ಪ್ರತಿ ವರ್ಷ ಮೇ ತಿಂಗಳಿನಲ್ಲಿ ಕಾರನ್ನು ಎತ್ತಿಸಿ ನೋಡಿ, ಸವೆದಲ್ಲಿ ಮತ್ತೆ ಹಚ್ಚಿಸಬೇಕು. ಇನ್ನೊಂದು ಮಾತು: ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರಿಳಿಯಲು ಸಣ್ಣ ತೂತುಗಳಿವೆ. ಅವಸರದ ಕೆಲಸದಲ್ಲಿ ಅವೂ ಮುಚ್ಚಿಹೋಗುತ್ತವೆ, ಆಮೇಲೆ ಒಳಗಿನಿಂದಲೇ ಕೊಳೆಯುತ್ತದೆ. ಎದುರಿಗೆ ನಿಂತು ಮಾಡಿಸಿ. ಸೈಲೆನ್ಸರ್, ಬ್ರೇಕ್ ಡಿಸ್ಕ್, ಆಕ್ಸಲ್‌ನ ರಬ್ಬರ್ ಬೂಟುಗಳಿಗೆ ತಾಗಕೂಡದು. ಒಳಗೆ ಲೇಪ ಸಿಂಪಡಿಸಲು ಹೊಸದಾಗಿ ತೂತು ಕೊರೆಯುತ್ತೇವೆ ಎಂದರೆ ಒಪ್ಪಬೇಡಿ. ವಾರಂಟಿಗೆ ಕುತ್ತು ಬರಬಹುದು.

ಟೊರೊಂಟೊ ಕನ್ನಡಿಗ:
ಟಿಂಕರ್ ಅವರ ಮಾತು ಸರಿ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ. ಹಿಮ ಬೀಳುವ ಮುನ್ನ ತಳಕ್ಕೂ ಬಾಗಿಲುಗಳ ಒಳಗೂ ಎಣ್ಣೆ ಸಿಂಪಡಿಸುವುದು ನಮ್ಮಲ್ಲಿ ವರ್ಷವರ್ಷದ ರೂಢಿ.

ಮರವಂತೆ 66:
ವಿಚಾರಿಸಿದೆ, ಷೋರೂಮಿನವರದು ಡಾಂಬರಿನದೇ. ಬೇಡವೆಂದೆ. ಮೇಣದ್ದನ್ನು ಈಗಲೇ ಹಚ್ಚಿಸಲೇ, ಮಳೆ ಮುಗಿಯಲಿ ಎಂದು ಕಾಯಲೇ?

ಕುಂದಾಪುರ ಟಿಂಕರ್:
ಮಳೆಗೆ ಮುಂಚೆಯೇ. ತಳ ತೊಳೆಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿದ ಮೇಲೆ ಹಚ್ಚಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಕ್ರದ ಕಮಾನುಗಳ ಒಳಗಿನ ಮರಳು, ಕೆಸರನ್ನು ಪೈಪಿನ ನೀರಿನಿಂದ ತೆಗೆಯಿರಿ. ನಿಮ್ಮ ಬಾವಿಯ ನೀರು ಉಪ್ಪಾಗಿದ್ದರೆ ಮಾತ್ರ ಅದನ್ನು ಬಳಸಬೇಡಿ.