ಪದಚರ್ಚೆ: ಗ್ರಾಫಿನ ದನಿ ‘ಏರುತ್ತದೆ’ ಅಂದರೆ ಜೋರಾಗುತ್ತದೆ ಅಂತಲೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ನಾವು ಕೆಲವರು ಸೇರಿ ಕಣ್ಣು ಕಾಣದ ಮಕ್ಕಳಿಗೆ ಒಂದು ವೆಬ್ ಪುಟ ಮಾಡುತ್ತಿದ್ದೇವೆ. ಕೆಆರ್‌ಎಸ್ ನೀರಿನ ಮಟ್ಟದ ಗ್ರಾಫ್. ಎಡದಿಂದ ಬಲಕ್ಕೆ ತಿಂಗಳು, ಕೆಳಗಿನಿಂದ ಮೇಲಕ್ಕೆ ಅಡಿ, ತುದಿಯಲ್ಲಿ ಕಟ್ಟೆ ತುಂಬುವ 124.80. ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಕನ್ನಡ ಅಕ್ಷರವನ್ನೇನೋ ಓದುತ್ತದೆ. ಚಿತ್ರಕ್ಕೆ ಆಲ್ಟ್ ಪಠ್ಯ, ಅಂದರೆ ಅದರಲ್ಲೇನಿದೆ ಅನ್ನುವ ವಿವರಣೆ, ಬರೆದರೆ ಅದನ್ನೂ ಓದುತ್ತದೆ. ಆದರೆ ‘ಬೇಸಿಗೆಯಲ್ಲಿ ಇಳಿಕೆ, ಮಳೆಗಾಲದಲ್ಲಿ ಏರಿಕೆ’ ಅಂತ ಬರೆದರೆ ಗೆರೆಯ ಆಕಾರ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಗೆರೆಯನ್ನು ದನಿಯಾಗಿಸಿದೆವು. ಜನವರಿ ಎಡಗಿವಿಯಲ್ಲಿ ಶುರು, ಡಿಸೆಂಬರ್ ಬಲಗಿವಿಯಲ್ಲಿ ಮುಗಿಯುತ್ತದೆ. ನೀರು ಜಾಸ್ತಿಯಾದಷ್ಟೂ ದನಿ ಕೀರಲಾಗುತ್ತದೆ, ಕಡಿಮೆಯಾದಷ್ಟೂ ದಪ್ಪ.

ಇದನ್ನು ಬಳಸುವವರಿಗೆ ಒಂದೇ ಸಾಲಲ್ಲಿ ಹೇಳಬೇಕು. ‘ನೀರು ಏರಿದಂತೆ ದನಿ ಏರುತ್ತದೆ’ ಅಂದರೆ ಮಕ್ಕಳು ಜೋರಾಗುವುದಕ್ಕೆ ಕಾಯುತ್ತಾರೆ. ‘ಯಾಕೋ ದನಿ ಏರಿಸ್ತೀಯಾ?’ ಅಂತ ಬೈಸಿಕೊಂಡು ಬೆಳೆದವರು ಇನ್ನೇನು ತಿಳಿದುಕೊಂಡಾರು! ‘ಸಣ್ಣ ದನಿ’ಯ ಕಥೆಯೂ ಅಷ್ಟೇ. ಕೆಲವರಿಗೆ ಅದು ಕೀರಲು, ಕೆಲವರಿಗೆ ಮೆಲುದನಿ. ‘ಶ್ರುತಿ ಏರುತ್ತದೆ’ ಅಂದರೆ ಮೈಸೂರಿನ ಸಂಗೀತದವರು ಬಿಡಲಿಕ್ಕಿಲ್ಲ. ಹಾಡು ಶುರುವಾದ ಮೇಲೆ ಶ್ರುತಿ ಅಲ್ಲಾಡಬಾರದು ತಾನೇ? ‘ಸ್ಥಾಯಿ’ ಅಂದರೆ ಸ-ದಿಂದ ಮೇಲಿನ ಸ-ಕ್ಕೆ ಒಂದೇ ನೆಗೆತ ಅನ್ನಿಸುತ್ತದೆ. ನಮಗೆ ಬೇಕಿರುವುದು ಹಂತಹಂತದ ಏರು. ‘ಸ್ವರ ಏರುತ್ತದೆ’ ಸದ್ಯಕ್ಕೆ ನನ್ನ ಆಯ್ಕೆ, ಸರಿಗಮ ಕೇಳದವರು ಕಡಿಮೆ. ಆದರೆ ಮಕ್ಕಳಿಗೆ ಸ್ವರ ಅಂದ ಕೂಡಲೇ ಅ ಆ ಇ ಈ ನೆನಪಾದರೆ?

ಇನ್ನು ಮುಟ್ಟಿ ತಿಳಿಯುವ ಗ್ರಾಫ್. ಕಾಯಿಸಿದರೆ ಕಪ್ಪು ಗೆರೆ ಮಾತ್ರ ಉಬ್ಬಿಕೊಳ್ಳುವ ಕಾಗದ ಬರುತ್ತದೆ, ಅದರಲ್ಲಿ ಮುದ್ರಿಸುತ್ತೇವೆ. ‘ಉಬ್ಬುಶಿಲ್ಪ’ ಹೇಗೂ ಇದೆ, ಹಾಗಾಗಿ ಇದು ‘ಉಬ್ಬುಚಿತ್ರ’. ಈ ಹೆಸರಿಗೆ ತಕರಾರಿಲ್ಲ. ತಕರಾರು ಬೆರಳಿನ ಕೆಲಸದ್ದು. ‘ಮುಟ್ಟಿ’ ಅಂದರೆ ಒಂದೇ ಕಡೆ ಬೆರಳಿಟ್ಟು ಸುಮ್ನೆ ಕೂರುತ್ತಾರೆ. ‘ತಡಕಿ’ ಅಂದರೆ ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕಿದ ಹಾಗೆ. ಸರಾಗವಾಗಿ ಬ್ರೈಲ್ ಓದುವವರ ಹತ್ತಿರ ಆಡುವ ಮಾತಲ್ಲ. ‘ಸವರಿ’ ಚೆನ್ನಾಗಿದೆ, ಆದರೆ ನಮ್ಮ ಕಡೆ ಬೇಲಿಯನ್ನೂ ಸವರುತ್ತಾರೆ, ಮಚ್ಚಿನಲ್ಲಿ! ‘ಬೆರಳಾಡಿಸಿ’ ಅಂದರೆ ಫೋನಿಗೂ ಒಗ್ಗುತ್ತದೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನಲ್ಲಿ ಬೆರಳಾಡಿಸಿದರೆ ಕೆಳಗಿರುವುದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ.

ಈ ಪತ್ರವನ್ನು ಸ್ಕ್ರೀನ್ ರೀಡರ್‌ನಲ್ಲೇ ಕೇಳುತ್ತಿರುವವರು ಮೊದಲು ಹೇಳಿ: ನಿಮ್ಮ ನಿಮ್ಮಲ್ಲಿ ಮಾತಾಡುವಾಗ ದನಿಯ ಈ ಏರಿಕೆಗೂ ಬೆರಳಿನ ಈ ಕೆಲಸಕ್ಕೂ ಏನಂತೀರಿ? ಹೊಸ ಪದ ಕಟ್ಟಿಕೊಡುವವರು ದಯವಿಟ್ಟು ಒಂದೆರಡು ದಿನ ತಡೆಯಿರಿ.