ತಾತನ ಜೀಪಿನ ಮ್ಯಾಟಡಾರ್ ಇಂಜಿನ್ ಇಳಿಸಿ ಸಿಆರ್‌ಡಿಐ ಕೂರಿಸಬಹುದಾ?

ಕಾಫಿತೋಟದ_ಜೀಪು:
ಎಲ್ರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ಕಡೆ, ಮನೇಲಿ ತಾತ ತಗೊಂಡಿದ್ದ 1967ರ ಮಹೀಂದ್ರ ಸಿಜೆ 3ಬಿ ಇದೆ. ಪೆಟ್ರೋಲ್ ಕುಡಿಯೋದು ನೋಡಿ ರೋಸಿಹೋಗಿ ಅಪ್ಪ 1994ರಲ್ಲಿ ಒರಿಜಿನಲ್ ಹರಿಕೇನ್ ಪೆಟ್ರೋಲ್ ಇಂಜಿನ್ ಇಳಿಸಿ ಮ್ಯಾಟಡಾರ್ ವ್ಯಾನಿಂದು 2.4 ಲೀಟರ್ ಡೀಸೆಲ್ ಕೂರಿಸಿದ್ರು, ಗೇರ್‌ಬಾಕ್ಸು ಮಾತ್ರ ಹಳೇ ಮೂರು ಗೇರಿನ ಟಿ90. ಆಮೇಲೆ ನಾನು ಪವರ್ ಸ್ಟೀರಿಂಗು, 235/75 ಆರ್15 ಟೈರು, ರೋಲ್ ಕೇಜು ಅಂತ ಹಾಕ್ತಾ ಹೋದೆ, ಈಗ ತಾತ ಎದ್ದು ಬಂದ್ರೂ ಗುರುತು ಹಿಡಿಯಲ್ಲ ಬಿಡಿ. ತೊಂದರೆ ಏನಂದ್ರೆ ಬಿಸಿಲೆ ಘಾಟಿ ಇಳಿಯುವಾಗ ಸೆಕೆಂಡ್ ಗೇರು ಟಕ್ ಅಂತ ನ್ಯೂಟ್ರಲಿಗೆ ಬಂದ್ಬಿಡುತ್ತೆ, ಒಂದು ಕೈಯಲ್ಲಿ ಲಿವರ್ ಅದುಮಿ ಹಿಡ್ಕೊಂಡೇ ಇಳೀಬೇಕು. 60 ದಾಟಿದ್ರೆ ಇಂಜಿನ್ ಬಾಯಿ ಬಡ್ಕೊಳ್ಳುತ್ತೆ. ಗುಜರಿಲಿ ಒಂದು 2.5 ಲೀಟರ್ ಸಿಆರ್‌ಡಿಐ (ಹೊಸ ಕಾಲದ ಕಾಮನ್ ರೈಲ್ ಡೀಸೆಲ್ ಇಂಜಿನ್) ಸಿಗ್ತಿದೆ, ತಂದು ಹಾಕೋದಾ? ಮಾವ ಬೇರೆ 50 ವರ್ಷ ಆಯ್ತಲ್ಲೋ ವಿಂಟೇಜ್ ನಂಬರ್ ಮಾಡ್ಸು ಅಂತಿದಾರೆ.

ಲೋ_ಗೇರ್:
ಸಾರ್ ಸದ್ಯಕ್ಕೆ ಇಂಜಿನ್ ತಂಟೆಗೇ ಹೋಗ್ಬೇಡಿ. ಆಕ್ಸಲ್ ಒಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್, ಒರಿಜಿನಲ್ ಇದ್ರೆ ಹಲ್ಲು 43ಕ್ಕೆ 8, ಅಂದ್ರೆ ಟಾಪ್ ಗೇರಲ್ಲಿ ಇಂಜಿನ್ 5.38 ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ನಿಮ್ಮ ಟೈರಿಗೆ 60ರಲ್ಲೇ 2300 ಆರ್‌ಪಿಎಂ ದಾಟುತ್ತೆ, 80ಕ್ಕೆ 3100. ಅದೇ ಆಕ್ಸಲ್ ಹೌಸಿಂಗ್ ಇಟ್ಕೊಂಡು ಸಿಆರ್‌ಡಿಐ ಹಾಕಿದ್ರೂ ಟಾಪ್ ಗೇರಲ್ಲಿ ಅಷ್ಟೇ ಸುತ್ತೋದು, ಟಾರ್ಕ್ ಜಾಸ್ತಿಯಾಗಿ ಟಿ90 ಹಲ್ಲು ಉದುರುತ್ತೆ ಅಷ್ಟೇ. ರೇಶಿಯೋ ಬದಲಾಯಿಸೋದಾದ್ರೆ ಹಿಂದೆ ಮುಂದೆ ಎರಡೂ ಒಂದೇ ಇರ್ಬೇಕು, ಇಲ್ಲಾಂದ್ರೆ ಫೋರ್ ವೀಲ್ ಹಾಕಿದ ದಿನ ಮುರ್ಕೊಳ್ಳುತ್ತೆ.

ಗೇರ್ ಹಾರೋದಕ್ಕೆ ಎಲ್ರೂ ಮೊದ್ಲು ಗೇರ್‌ಬಾಕ್ಸ್ ಬಿಚ್ಚಿಸ್ತಾರೆ, ಸಿಂಕ್ರೊ (ಗೇರು ನಯವಾಗಿ ಕೂರೋಕೆ ಇರೋ ರಿಂಗು), ಲಿವರ್ ಒಳಗಿನ ಸ್ಪ್ರಿಂಗು ಸವೆದಿರೋದೂ ಉಂಟು, ನೋಡ್ಸಿ. ಆದ್ರೆ ಇಂಜಿನ್ ಬದಲಾದ ಜೀಪಲ್ಲಿ ನನಗೆ ಮೊದಲ ಅನುಮಾನ ಇಂಜಿನ್ನಿಗೆ ಗೇರ್‌ಬಾಕ್ಸ್ ಜೋಡಿಸೋ ಅಡಾಪ್ಟರ್ ಪ್ಲೇಟ್ ಮೇಲೆ. ಆಗ ಲೇತಲ್ಲಿ ಕಣ್ಣಂದಾಜಿಗೆ ಬೋರ್ ಮಾಡಿರ್ತಾರೆ, ಕ್ರಾಂಕ್ ಸೆಂಟರೂ ಗೇರ್‌ಬಾಕ್ಸ್ ಶಾಫ್ಟ್ ಸೆಂಟರೂ ಕೂಡದೇ ಇದ್ರೆ ಆ ಶಾಫ್ಟಿನ ತುದಿ ಹಿಡಿಯೋ ಪೈಲಟ್ ಬೇರಿಂಗ್ ತಿಂದ್ಕೊಂಡು ಶಾಫ್ಟ್ ಅಲ್ಲಾಡಿ ಗೇರನ್ನ ಆಚೆ ತಳ್ಳುತ್ತೆ. ಫ್ಲೈವೀಲಿಗೆ ಸಣ್ಣ ಅಂತರ ಅಳೆಯೋ ಡಯಲ್ ಗೇಜ್ ಕಟ್ಟಿ, ಪ್ಲೇಟಿನ ಬೋರ್ ಒಳಗೆ ಒಂದು ಸುತ್ತು ತಿರುಗಿಸಿ ನೋಡಿ. ಮುಳ್ಳಿನ ಓಡಾಟ 5 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಒಳಗೆ ಇರ್ಬೇಕು.

ಹರಿಕೇನ್_ಹುಚ್ಚ:
ಹಳೇ ಪೆಟ್ರೋಲ್ ಇಂಜಿನ್ ಗುಜರಿಗೆ ಹಾಕಿಲ್ಲ ತಾನೇ ಮಾರಾಯ್ರೆ? 3ಬಿ ಬಾನೆಟ್ ಅಷ್ಟು ಎತ್ತರ ಇರೋದೇ ಆ ಇಂಜಿನ್ನಿಗೋಸ್ಕರ, ಇನ್‌ಟೇಕ್ ವಾಲ್ವ್ ಹೆಡ್ಡಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಲ್ಲಿ, ಹಾಗಾಗಿ ಹಳೇ ವಿಲ್ಲೀಸ್ ಬಾನೆಟ್ ಕೆಳಗೆ ಹಿಡೀತಿರ್ಲಿಲ್ಲ. ನನ್ನ ಕೇಳಿದ್ರೆ ಅದನ್ನೇ ವಾಪಸ್ ಕೂರಿಸಿ. ಮೈಲೇಜ್ ಕೇಳ್ಬೇಡಿ, ಹೇಳಿದ್ರೆ ನಿಮ್ಮಪ್ಪ ಬೈತಾರೆ.

ಆರ್‌ಟಿಒ_ಅಲೆದವನು:
ವಿಂಟೇಜ್ ಆಸೆ ಈ ಅವತಾರದಲ್ಲಿ ಬಿಟ್ಬಿಡಿ. 2021ರ ನಿಯಮದಲ್ಲಿ 50 ವರ್ಷ ದಾಟಿದ್ರೆ ಸಾಲ್ದು, ಗಾಡಿ ಮೂಲ ರೂಪದಲ್ಲೇ ಇರ್ಬೇಕು. ನಂಬರಲ್ಲಿ ವಿಎ ಅಂತ ಬರುತ್ತೆ, ಫೀಸು 20,000, ದಿನಬಳಕೆಗೆ ಓಡಿಸೋ ಹಾಗಿಲ್ಲ, ಅಂದ್ರೆ ತೋಟಕ್ಕೆ ಆಳು ಕರ್ಕೊಂಡು ಹೋಗೋಕೆ ಇನ್ನೊಂದು ಜೀಪು ತಗೋಬೇಕು. ಅದಕ್ಕಿಂತ ಮುಂಚೆ ಆರ್‌ಸಿ ತೆಗೆದು ನೋಡಿ, ಇಂಧನ ಪೆಟ್ರೋಲ್ ಅಂತಲೇ ಇದ್ಯಾ, ಇಂಜಿನ್ ನಂಬರ್ ಯಾವುದು? ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಮಾಡೋ ಹಾಗಿಲ್ಲ, 2019ರ ಜನವರಿಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಅಪಘಾತ ಆದ್ರೆ ಇನ್ಶೂರೆನ್ಸಿನವರು ಮೊದ್ಲು ಹಿಡಿಯೋದೇ ಇದನ್ನ.

ಲೋ_ಗೇರ್:
ಹೌದು, ಬ್ರೇಕ್ ಹೇಳೋದು ಮರೆತೆ. ಹಳೇ 9 ಇಂಚ್ ಡ್ರಮ್ಮು, ಒಂದೇ ಲೈನಿನ ಮಾಸ್ಟರ್ ಸಿಲಿಂಡರೇ ಇದ್ರೆ ಒಂದು ಪೈಪ್ ಒಡೆದ್ರೂ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು, ಮೇಲೆ ಸೆಕೆಂಡ್ ಗೇರೂ ನಿಲ್ಲಲ್ಲ ಅಂತೀರ. ಸರಿ ಮಾಡ್ಸೋ ತನಕ ಘಾಟಿ ಇಳೀಬೇಡಿ.

ಕಾಫಿತೋಟದ_ಜೀಪು:
ಮೇಸ್ತ್ರಿ ಹತ್ರ ಡಯಲ್ ಗೇಜ್ ಕಟ್ಟಿಸ್ದೆ. 5 ಅಲ್ಲ, 22 ಥೌ ಇದೆ! ಪೈಲಟ್ ಬೇರಿಂಗ್ ಪುಡಿಪುಡಿ. ಆರ್‌ಸಿಲಿ ಪೆಟ್ರೋಲ್ ಅಂತಲೇ ಇದೆ, ಅಪ್ಪನ್ನ ಕೇಳಿದ್ರೆ ಆಗ ಯಾರೋ ಕೇಳ್ತಿದ್ರು ಅಂತ ನಕ್ಕು ಸುಮ್ಮನಾದ್ರು. ಸಿಆರ್‌ಡಿಐ ಬೇಡ ಅಂತ ಗುಜರಿಯವನಿಗೆ ಫೋನ್ ಮಾಡಿ ಹೇಳಿದ್ದಾಯ್ತು. ಹರಿಕೇನ್ ಗೋಡೌನಲ್ಲಿ ಮೆಣಸಿನ ಚೀಲದ ಹಿಂದೆ ಸಿಕ್ತು, ಕಾರ್ಬುರೇಟರ್ ಇಲ್ಲ, ಮ್ಯಾನಿಫೋಲ್ಡಲ್ಲಿ ಇಲಿ ಗೂಡು. ಕ್ರಾಂಕ್ ತಿರುಗ್ತಿಲ್ಲ, ಸಿಲಿಂಡರಿಗೆ ಡೀಸೆಲ್ ಹುಯ್ದು ಬಿಟ್ಟಿದೀನಿ, ಎಷ್ಟು ದಿನ ಬಿಡ್ಬೇಕು?